ಚಿತ್ರದುರ್ಗದ ಗೆಳೆಯರಿಗೆ: ಮಿಲಿಟರಿ ಬಂಧನದ ಪ್ರಶ್ನೆಗೆ ಉತ್ತರ

ಮಗಳು ಶಿಕಾಗೋದಲ್ಲಿದ್ದಾಳೆ, ಅಲ್ಲಿ ಸೇನೆ ಯಾರನ್ನಾದರೂ ವಿಚಾರಣೆ ಇಲ್ಲದೆ ಕೂಡಿಹಾಕಬಹುದಂತೆ, ನಮ್ಮಲ್ಲೂ ಹಾಗಿದೆಯಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ವಕೀಲ. ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ.

ನೀವು ಓದಿರುವುದು 2011ರ ಡಿಸೆಂಬರ್ 31ರಂದು ಒಬಾಮಾ ಸಹಿ ಹಾಕಿದ ರಕ್ಷಣಾ ಕಾಯ್ದೆಯ 1021ನೇ ಸೆಕ್ಷನ್ ಇರಬೇಕು. ಅಲ್ ಖೈದಾ, ತಾಲಿಬಾನ್ ಜೊತೆ ಸೇರಿದವರನ್ನು ಯುದ್ಧ ಮುಗಿಯುವವರೆಗೂ ಇಟ್ಟುಕೊಳ್ಳಬಹುದು ಅನ್ನುತ್ತದೆ ಅದು. ಅಮೆರಿಕದೊಳಗೆ ಬಂಧಿಸಿದವರಿಗೆ ಇದ್ದ ಕಾನೂನು ಬದಲಾಗಿಲ್ಲ ಅಂತಲೂ ಅದರಲ್ಲೇ ಇದೆ. ಆದರೆ ಇದ್ದ ಕಾನೂನು ಏನು ಅನ್ನೋದೇ ಜಗಳ ಅಲ್ವಾ? ಅಮೆರಿಕದ ಪ್ರಜೆ ಹೊಸೆ ಪಡಿಲ್ಲಾನನ್ನು 2002ರಲ್ಲಿ ಹಿಡಿದದ್ದು ಶಿಕಾಗೋ ವಿಮಾನ ನಿಲ್ದಾಣದಲ್ಲೇ. ಮೂರೂವರೆ ವರ್ಷ ಮಿಲಿಟರಿ ಸೆರೆಯಲ್ಲಿಟ್ಟರು. ಹೀಗೇ ಮಿಲಿಟರಿ ಸೆರೆಯಲ್ಲಿದ್ದ ಇನ್ನೊಬ್ಬ ಅಮೆರಿಕ ಪ್ರಜೆ ಹಮ್ದಿಯ ಕೇಸಿನಲ್ಲಿ, 2004ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್, ಪ್ರಜೆ ತನ್ನ ಬಂಧನವನ್ನು ಪ್ರಶ್ನಿಸಬಹುದು ಎಂದಿತು. ಅದೇ ದೊಡ್ಡ ಆಸರೆ. ನಿಮ್ಮ ಮಗಳಂಥವರ ಮೇಲೆ ಇದು ಬೀಳುವ ಸಾಧ್ಯತೆ ತೀರಾ ಕಡಿಮೆ.

ನಮ್ಮಲ್ಲಿ ಸೇನೆ ಹಿಡಿದವರನ್ನು ಬೇಗ ಪೊಲೀಸರಿಗೆ ಒಪ್ಪಿಸಬೇಕು. ಆದರೆ 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಸರ್ಕಾರ ವಿಚಾರಣೆ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಮೂರು ತಿಂಗಳು ದಾಟಲು ಸಲಹಾ ಮಂಡಳಿಯ ಒಪ್ಪಿಗೆ ಬೇಕು. ಆ ಮಂಡಳಿ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ನನಗೆ ಜಾಸ್ತಿ ನೋವಾಗುವುದು ಇಲ್ಲೇ. ಈ ಕಾಯ್ದೆ ಬರುವ ಮುಂಚೆಯೂ, ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆ ಇಲ್ಲದೆ ಬಂಧಿತರಾದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಅಸ್ತಮಾದಿಂದ ನರಳಿದರು. ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು.

ಯಾರಿಗಾದರೂ ಹೀಗಾದರೆ ಕೂಡಲೇ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತರನ್ನು ಕೋರ್ಟಿನ ಮುಂದೆ ತಂದು ಬಂಧನ ಸರಿಯೇ ಅಂತ ನೋಡಿ ಎಂದು ಕೇಳುವ ಅರ್ಜಿ, ಹಾಕಿಸಿ. ನಮ್ಮ ಎರಡೂ ಜಿಲ್ಲೆಯವರು ಅದಕ್ಕೆ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕು, ಧಾರವಾಡ ಪೀಠಕ್ಕಲ್ಲ.