ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದರೂ ಹೆರಿಗೆಗೆ ಜಿಲ್ಲಾ ಆಸ್ಪತ್ರೆಗೆ ಯಾಕೆ ಕಳಿಸುತ್ತಾರೆ?

ಲೇಡಿ ಡಾಕ್ಟರ್ ಎದುರಿಗೇ ಇದ್ದರೂ ರಾತ್ರಿ ಹನ್ನೊಂದಕ್ಕೆ ನಿಮ್ಮ ಅಕ್ಕನನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಒಂಬತ್ತು ವರ್ಷದಿಂದ ತಾಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್.

ಸಿಸೇರಿಯನ್‌ಗೆ ಹೆರಿಗೆ ಡಾಕ್ಟರ್ ಒಬ್ಬರೇ ಸಾಲುವುದಿಲ್ಲ. ಅರಿವಳಿಕೆ ಕೊಡುವವರು ಬೇಕು, ಮಗು ನೋಡಿಕೊಳ್ಳುವವರು ಬೇಕು, ಹೊಂದುವ ರಕ್ತ ಬೇಕು. ನಮ್ಮಲ್ಲಿ ಅರಿವಳಿಕೆ ಡಾಕ್ಟರ್ ಇರುವುದೇ ಒಬ್ಬರು. ಅವರಿಗೂ ನಿದ್ದೆ, ರಜೆ ಬೇಕಲ್ವಾ? ಎಂಬಿಬಿಎಸ್ ಡಾಕ್ಟರುಗಳಿಗೇ ಅರಿವಳಿಕೆ ಕೊಡುವ ತರಬೇತಿ ಕೊಡುವ ಸರ್ಕಾರದ ಯೋಜನೆ ಇದೆ. ಹಾಗೆ ಕಲಿತು ಬಂದ ಒಬ್ಬರು ವರ್ಷದೊಳಗೆ ವರ್ಗವಾಗಿ ಹೋದರು.

ರಕ್ತದ್ದು ಇನ್ನೂ ಕಷ್ಟ. ನಮ್ಮಲ್ಲಿರುವುದು ರಕ್ತ ಶೇಖರಣಾ ಘಟಕ, ಬ್ಲಡ್ ಬ್ಯಾಂಕ್ ಅಲ್ಲ. ಬೇರೆ ಕಡೆಯಿಂದ ತಂದ ಕೆಲವೇ ಬಾಟಲಿ ಇಟ್ಟಿರುತ್ತೇವೆ. ಒಮ್ಮೆ ಬಾಣಂತಿಯೊಬ್ಬಳಿಗೆ ರಕ್ತ ನಿಲ್ಲಲೇ ಇಲ್ಲ. ಅವಳ ಗುಂಪಿನ ರಕ್ತ ನಮ್ಮಲ್ಲಿ ಇರಲಿಲ್ಲ. ಬ್ಲಡ್ ಬ್ಯಾಂಕಿನಿಂದ ಹೊಂದುವ ರಕ್ತ ತರಲು ಅವಳ ತಮ್ಮ ಅವಳ ರಕ್ತದ ಸ್ಯಾಂಪಲ್ ಟ್ಯೂಬನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿ ಜೇಬಿಗಿಟ್ಟುಕೊಂಡು ಮಳೆಯಲ್ಲೇ ಬೈಕ್ ಹತ್ತಿದ. ಹೀಗೆ ರಕ್ತ ಹೋದರೆ ಎರಡು ಗಂಟೆಯೊಳಗೇ ಜೀವ ಹೋಗಬಹುದು. ಅವನಿಗಾಗಿ ಕಾಯದೆ ಅವಳನ್ನು 108ರಲ್ಲಿ ಕಳಿಸಿದೆವು. ಬದುಕಿದಳು. ಗರ್ಭಕೋಶ ಉಳಿಯಲಿಲ್ಲ.

ಹಾಗಾಗಿ ಕಳಿಸುವುದೇ ತಪ್ಪಲ್ಲ. ಸುಮ್ನೆ ಗಾಡಿ ಹತ್ತಿಸಿ ಕೈತೊಳೆದುಕೊಳ್ಳುವುದು ತಪ್ಪು. ರಕ್ತ ಹೋಗುತ್ತಿದ್ದರೆ ಆಕ್ಸಿಟೋಸಿನ್ ಕೊಟ್ಟು, ಡ್ರಿಪ್ ಹಾಕಿ ಕಳಿಸಬೇಕು. ಬಿಪಿ ಏರಿ ಫಿಟ್ಸ್ ಬಂದಿದ್ದರೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಇಲ್ಲೇ ಆಗಬೇಕು. ಅಲ್ಲಿನ ಡಾಕ್ಟರಿಗೆ ಮೊದಲೇ ಫೋನ್ ಹೋಗಬೇಕು. ಇಲ್ಲದಿದ್ದರೆ ದೊಡ್ಡಾಸ್ಪತ್ರೆ ಬಾಗಿಲಲ್ಲಿ ಮತ್ತೆ ಅರ್ಧ ಗಂಟೆ ಹಾಳು. ನಿಮ್ಮ ಅಕ್ಕನಿಗೆ ಇದೆಲ್ಲ ಮಾಡಿದ್ದರಾ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತಿದ್ದರು, ಕೇರಳದಲ್ಲಿ 19. ಪಕ್ಕದ ರಾಜ್ಯ ಅದು! ಈ ಅಂತರ ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಮನೆಯಲ್ಲಿ ಇನ್ನೊಬ್ಬರು ಬಸುರಿ ಇದ್ದರೆ ಎಂಟನೇ ತಿಂಗಳಲ್ಲೇ ಆಸ್ಪತ್ರೆಗೆ ಹೋಗಿ, 'ರಾತ್ರಿ ಸಿಸೇರಿಯನ್ ಆಗುತ್ತಾ, ರಕ್ತ ಇರುತ್ತಾ' ಎಂದು ಕೇಳಿ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ನೋವು ಬರುವ ತನಕ ಕಾಯಬೇಡಿ. ಯಾವ ಆಸ್ಪತ್ರೆ ಎಂದು ಮುಂಚೆಯೇ ಗೊತ್ತುಮಾಡಿಕೊಳ್ಳಿ. ರಕ್ತ ಕೊಡುವ ಇಬ್ಬರ ನಂಬರ್ ಆ ಕಾರ್ಡಿನ ಹಿಂದೆಯೇ ಬರೆದಿಡಿ.