ನಾಯಿಯ ಮೈಮೇಲೆ ಒಂದೇ ಕಡೆ ಕೂದಲು ಹೋಗಿದೆ, ಏನು ಹಚ್ಚಲಿ?

ನಿಮ್ಮ ಪ್ರಶ್ನೆ ಓದಿದೆ. ಮುಂಬೈ ಹತ್ತಿರದ ಡೊಂಬಿವಲಿಯ ಫ್ಲ್ಯಾಟು, ನಾಲ್ಕು ವರ್ಷದ ದೇಸಿ ಹೆಣ್ಣುನಾಯಿ, ಬಾಲದ ಬುಡಕ್ಕಿಂತ ತುಸು ಮೇಲೆ ಐದು ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿದೆ. ಕೆರೆದುಕೊಳ್ಳುವುದಿಲ್ಲ, ಕೆಂಪಾಗಿಲ್ಲ, ಊಟ ಓಡಾಟ ಎಂದಿನಂತೆಯೇ ಇದೆ. ಪಕ್ಕದ ಮನೆಯವರು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು, ಅಂದಿದ್ದಾರೆ. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟಿದ್ದಾರೆ. ಹುಬ್ಬಳ್ಳಿಯಿಂದ ಬಂದಿರುವ ನಿಮ್ಮ ಅತ್ತೆ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚು ಅನ್ನುತ್ತಿದ್ದಾರೆ. ಇವುಗಳಲ್ಲಿ ಯಾವುದನ್ನು ಹಚ್ಚಲಿ ಎಂದು ಕೇಳಿದ್ದೀರಿ.

ಸದ್ಯಕ್ಕೆ ಯಾವುದನ್ನೂ ಹಚ್ಚಬೇಡಿ. ಮೊದಲು ಡಾಕ್ಟರ ಹತ್ತಿರ ಕರೆದೊಯ್ದು ಚರ್ಮ ಕೆರೆದು ಪರೀಕ್ಷೆ ಮಾಡಿಸಿ, ಹಚ್ಚುವುದೇನಿದ್ದರೂ ಆಮೇಲೆ. ನಾನು ಪಶುವೈದ್ಯೆ ಅಲ್ಲ. ಮುಲುಂಡಿನಲ್ಲಿ ಮನೆಯ ನಾಯಿಗಳ ಜೊತೆ ಗಲ್ಲಿಯ ನಾಯಿಗಳನ್ನೂ ಬಹಳ ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಚರ್ಮದ ಕಾಯಿಲೆಯಲ್ಲಿ ನಾಯಿಗಳು ಅನುಭವಿಸುವ ಕಷ್ಟದ ಅರ್ಧದಷ್ಟು ರೋಗ ಗೊತ್ತಾಗುವ ಮೊದಲೇ ಹಚ್ಚಿದ ಮದ್ದಿನಿಂದ ಬಂದದ್ದು ಎಂದು ನನಗೆ ಬಲವಾಗಿ ಅನಿಸಿದೆ.

ಕರ್ಪೂರದ ಎಣ್ಣೆಯ ವಿಷಯ ಮೊದಲು, ಏಕೆಂದರೆ ಅದು ಅಪಾಯ. ಅತ್ತೆಯವರದು ಪ್ರೀತಿಯ ಮಾತು. ನಮ್ಮಲ್ಲಿ ಮಕ್ಕಳ ಎದೆಗೂ ಅದನ್ನೇ ತಿಕ್ಕುತ್ತಾರೆ. ಆದರೆ ಕರ್ಪೂರ ನಾಯಿಗೆ ವಿಷ. ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ನೆಕ್ಕಿದರೆ ಇನ್ನೂ ಬೇಗ. ಹೆಚ್ಚಾದರೆ ಫಿಟ್ಸ್ ಬರಬಹುದು. ನಾಯಿ ನೆಕ್ಕದೆ ಬಿಡುವುದಿಲ್ಲ. ಟೀ ಟ್ರೀ ಎಣ್ಣೆಯನ್ನೂ ದೂರವಿಡಿ. ಬೀದಿನಾಯಿಗಳಿಗೆ ಸೀಮೆಎಣ್ಣೆ, ಗಾಡಿಯ ಸುಟ್ಟ ಆಯಿಲ್ ಬಳಿಯುವವರನ್ನು ಇಲ್ಲಿ ಈಗಲೂ ನೋಡುತ್ತೇನೆ. ಅದು ಚರ್ಮವನ್ನೇ ಸುಡುತ್ತದೆ.

ಇನ್ನು ಆ ಟ್ಯೂಬ್. ಹಿಂದೆ ಬರೆದಿರುವುದನ್ನು ಓದಿ ನೋಡಿ. ಕ್ಲೊಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರು ಕಂಡರೆ ಅದರಲ್ಲಿ ಸ್ಟೆರಾಯ್ಡ್ ಇದೆ. ನಮ್ಮ ಅಂಗಡಿಗಳಲ್ಲಿ ಚರ್ಮಕ್ಕೆಂದು ಕೊಡುವ ಎಷ್ಟೋ ಕ್ರೀಮುಗಳು ಸ್ಟೆರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರದ ಮದ್ದು ಮೂರನ್ನೂ ಸೇರಿಸಿ ಮಾಡಿದವು. ನಾಯಿಗೆ ಇರುವುದು ನುಸಿ, ಅಂದರೆ ಚರ್ಮದಲ್ಲಿ ಸೇರಿಕೊಳ್ಳುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಾದರೆ ಸ್ಟೆರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ನುಸಿ ಹೆಚ್ಚಲು ದಾರಿ ಮಾಡುತ್ತದೆ. ಹುಳುಕಡ್ಡಿಯಾದರೆ ಅರೆಬರೆ ಮದ್ದು ಬಿದ್ದು ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಮೈಮೇಲೆ ಮಾತ್ರ ಉಳಿದುಕೊಂಡಿರುತ್ತದೆ. ಡಾಕ್ಟರಿಗೆ ಬೇಕಾದ ಸಾಕ್ಷ್ಯವನ್ನು ನಾವೇ ಅಳಿಸಿದಂತಾಗುತ್ತದೆ. ಅರಿಶಿನ ಕೂಡ ಅಷ್ಟೇ, ಹಳದಿಯ ಕೆಳಗೆ ಚರ್ಮ ಕೆಂಪಾಗಿದೆಯೋ ಇಲ್ಲವೋ ಯಾರಿಗೂ ಕಾಣುವುದಿಲ್ಲ.

ಕಣ್ಣಿಗೆ ಎಲ್ಲ ಬೋಳು ಜಾಗವೂ ಒಂದೇ ಥರ ಕಾಣುತ್ತದೆ. ಒಂದು ಮಳೆಗಾಲದಲ್ಲಿ ನಮ್ಮ ನಾಯಿ ಚಿನ್ನಿಗೆ ಬಾಲದ ಹತ್ತಿರವೂ, ಕೆಳಗಿನ ಪಾರ್ಕಿಂಗಿನಲ್ಲಿ ಮಲಗುತ್ತಿದ್ದ ಮರಿಯೊಂದಕ್ಕೆ ಕಣ್ಣಿನ ಪಕ್ಕವೂ ಹೆಚ್ಚುಕಡಿಮೆ ಒಟ್ಟಿಗೇ ಕೂದಲು ಹೋಯಿತು. ಎರಡೂ ಗುಂಡಗೆ, ಎರಡೂ ಒಣಗಿದಂತೆ. ಬಿಲ್ಡಿಂಗಿನಲ್ಲಿ ಎಲ್ಲರೂ ಒಂದರಿಂದ ಇನ್ನೊಂದಕ್ಕೆ ಹತ್ತಿದೆ ಅಂದರು. ಪರೀಕ್ಷೆಯಲ್ಲಿ ಮರಿಯದು ಡೆಮೊಡೆಕ್ಸ್ ಎಂಬ ನುಸಿ, ಚಿನ್ನಿಯದು ಚಿಗಟದ ಅಲರ್ಜಿ ಎಂದು ತಿಳಿಯಿತು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಡೆಮೊಡೆಕ್ಸ್ ಹೆಚ್ಚುಕಡಿಮೆ ಎಲ್ಲ ನಾಯಿಗಳ ಕೂದಲ ಬುಡದಲ್ಲೂ ಇರುತ್ತದೆ. ಹುಟ್ಟಿದ ಮೊದಲ ದಿನಗಳಲ್ಲೇ ತಾಯಿಯಿಂದ ಬರುತ್ತದೆ, ದೊಡ್ಡ ನಾಯಿಗಾಗಲಿ ಮನುಷ್ಯರಿಗಾಗಲಿ ಹರಡುವುದಿಲ್ಲ. ಮರಿಗಳಲ್ಲಿ ಒಂದೆರಡು ಕಡೆ ಮಾತ್ರ ಇದ್ದರೆ ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ನಾಲ್ಕು ವರ್ಷ ದಾಟಿದ ನಾಯಿಯಲ್ಲಿ ಹೊಸದಾಗಿ ಕಾಣಿಸಿದರೆ ಮಾತ್ರ ಒಳಗೆ ಬೇರೆ ಕಾಯಿಲೆ ಏನಾದರೂ ಇದೆಯೇ ಎಂದು ಹುಡುಕಬೇಕು.

ನೀವು "ಕೆರೆದುಕೊಳ್ಳುವುದಿಲ್ಲ" ಎಂದು ಬರೆದಿದ್ದೀರಿ. ಅದನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ನೀವು ಎಂಟೂವರೆಯ ಲೋಕಲ್ ಹಿಡಿದು ಹೋದಮೇಲೆ, ರಾತ್ರಿ ಎಲ್ಲರೂ ಮಲಗಿದಮೇಲೆ ನಾಯಿ ಏನು ಮಾಡುತ್ತದೆ ಎಂದು ಯಾರೂ ನೋಡಿರುವುದಿಲ್ಲ. ಬಾಲದ ಬುಡವನ್ನು ಕಾಲಿನಿಂದ ಕೆರೆಯಲು ಆಗುವುದೂ ಇಲ್ಲ, ಅದು ಮುಂದಿನ ಹಲ್ಲುಗಳಿಂದ ಕುಟುಕುಟು ಕಚ್ಚುತ್ತದೆ. ಆ ಬೋಳು ಜಾಗದ ಮೇಲೆ ಬೆರಳು ಆಡಿಸಿ. ಚುಚ್ಚುವಂತೆ ಮೋಟು ಕೂದಲು ಸಿಕ್ಕರೆ ಕೂದಲು ತುಂಡಾಗಿದೆ ಎಂದರ್ಥ. ಹಾಗಾಗುವುದು ಹೆಚ್ಚಾಗಿ ಕಚ್ಚಿ, ನೆಕ್ಕಿ. ಪೂರ್ತಿ ನುಣ್ಣಗಿದ್ದರೆ ಬುಡದಿಂದಲೇ ಉದುರಿದೆ. ಡಾಕ್ಟರು ಅಂಚಿನಿಂದ ನಾಲ್ಕಾರು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಇದಕ್ಕೇ: ತುದಿ ಚೂಪಾಗಿದ್ದರೆ ತಾನಾಗಿ ಉದುರಿದ್ದು, ಮುರಿದಿದ್ದರೆ ತುರಿಕೆಯೋ ಶಿಲೀಂಧ್ರವೋ ಇರಬೇಕು.

ನೀವು ಹೇಳಿದ ಜಾಗ ಚಿಗಟಕ್ಕೆ ಬಹಳ ಇಷ್ಟದ ಜಾಗ. ಅದಕ್ಕೊಂದು ಪರೀಕ್ಷೆ ಇವತ್ತೇ ಮಾಡಿ ನೋಡಬಹುದು. ಹತ್ತಿರದ ಹಲ್ಲಿನ ಬಾಚಣಿಗೆಯಿಂದ ಸೊಂಟದ ಭಾಗ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಸ್ವಲ್ಪ ಹೊತ್ತಿನಲ್ಲಿ ಸುತ್ತ ಕೆಂಪುಗಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ನಾಯಿಯದೇ ರಕ್ತ. ಒಂದು ಚಿಗಟವೂ ಕಣ್ಣಿಗೆ ಬೀಳದಿರಬಹುದು. ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು. ಮೊಟ್ಟೆ, ಮರಿ, ಕೋಶ ಎಲ್ಲ ನಾಯಿಯ ಮೈಮೇಲಲ್ಲ, ಚಾಪೆ, ಸೋಫಾ, ಟೈಲ್ಸಿನ ಸಂದುಗಳಲ್ಲಿ ಇರುತ್ತವೆ. ಮುಂಬೈಯ ತೇವದ ಸೆಕೆ ಅವಕ್ಕೆ ವರ್ಷಪೂರ್ತಿ ಹಬ್ಬ. ಹಾಗಾಗಿ ನಾಯಿಗೆ ಮದ್ದು, ಹಾಸಿಗೆಗೆ ಬಿಸಿನೀರು, ಮನೆಗೆ ವ್ಯಾಕ್ಯೂಮ್ ಮೂರೂ ಒಟ್ಟಿಗೆ, ಕೆಲವು ತಿಂಗಳು ಬಿಡದೆ ನಡೆಯಬೇಕು.

ಡಾಕ್ಟರಿಗೆ ಹೇಳಲು ಇನ್ನೂ ಕೆಲವು ವಿಷಯ ನೆನಪು ಮಾಡಿಟ್ಟುಕೊಳ್ಳಿ. ಎರಡು ಮೂರು ತಿಂಗಳ ಹಿಂದೆ ಅದೇ ಜಾಗದಲ್ಲಿ ರೇಬೀಸ್ ಲಸಿಕೆಯೋ ಬೇರೆ ಇಂಜೆಕ್ಷನ್ನೋ ಆಗಿತ್ತೇ? ಕೆಲವು ನಾಯಿಗಳಲ್ಲಿ ಚುಚ್ಚಿದ ಜಾಗದ ಕೂದಲು ತಡವಾಗಿ ಉದುರುವುದುಂಟು. ನೀರು ಮೊದಲಿಗಿಂತ ಹೆಚ್ಚು ಕುಡಿಯುತ್ತಿದೆಯೇ, ತೂಕ ಏರಿದೆಯೇ, ಇನ್ನೊಂದು ಬದಿಯಲ್ಲೂ ಕೂದಲು ತೆಳುವಾಗುತ್ತಿದೆಯೇ? ಎರಡೂ ಬದಿ ಸಮನಾಗಿ ಹೋಗುತ್ತಿದ್ದರೆ ಥೈರಾಯ್ಡ್ ಅಥವಾ ಕುಶಿಂಗ್ಸ್ ಎಂಬ ಹಾರ್ಮೋನಿನ ಕಾಯಿಲೆ ಇದೆಯೇ ಎಂದು ನೋಡಬೇಕಾಗುತ್ತದೆ, ಅದಕ್ಕೆ ರಕ್ತಪರೀಕ್ಷೆ ಬೇಕು.

ಕ್ಲಿನಿಕ್ಕಿನಲ್ಲಿ ಬರೀ ನೋಡಿ ಇಂಜೆಕ್ಷನ್ ಕೊಟ್ಟು ಕಳಿಸುವಂತಿದ್ದರೆ, "ಸ್ಕಿನ್ ಸ್ಕ್ರೇಪಿಂಗ್ ಮಾಡುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ. ಚರ್ಮವನ್ನು ಹಿಂಡಿ ತುಸು ರಕ್ತ ಜಿನುಗುವಷ್ಟು ಆಳಕ್ಕೆ ಬ್ಲೇಡಿನಿಂದ ಕೆರೆದರೆ ಡೆಮೊಡೆಕ್ಸ್ ಸಿಗುವ ಸಾಧ್ಯತೆ ಹೆಚ್ಚು. ನೋಡಲು ಸಂಕಟವಾಗುತ್ತದೆ, ನಾಯಿಗೆ ಅಷ್ಟು ನೋವಿರುವುದಿಲ್ಲ. ಹುಳುಕಡ್ಡಿಗೆ ನೀಲಿ ದೀಪ ಹಿಡಿದು ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ, ಎಲ್ಲ ಶಿಲೀಂಧ್ರವೂ ಆ ಬೆಳಕಿಗೆ ಹೊಳೆಯುವುದಿಲ್ಲ. ಅನುಮಾನ ಇದ್ದರೆ ಕಲ್ಚರ್ ಮಾಡಿಸಿ, ಅಂದರೆ ಕೂದಲಿನ ಮಾದರಿಯಿಂದ ಶಿಲೀಂಧ್ರ ಬೆಳೆಸಿ ನೋಡುವ ಪರೀಕ್ಷೆ. ಫಲಿತಾಂಶಕ್ಕೆ ಎರಡು ಮೂರು ವಾರ ಬೇಕು. ಡೊಂಬಿವಲಿಯಲ್ಲಿ ಇದಾಗದಿದ್ದರೆ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಟ್ಯಾಕ್ಸಿಯವರಿಗೆ ಬೈಲ್ ಘೋಡಾ ಹಾಸ್ಪಿಟಲ್ ಅಂದರೆ ಸಾಕು. 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜೂ ಅದೇ ಆವರಣದಲ್ಲಿದೆ.

ನುಸಿ ಎಂದು ಗೊತ್ತಾದರೆ ಈಗ ಫ್ಲುರಾಲನರ್, ಅಫಾಕ್ಸೊಲನರ್ ಮಾತ್ರೆಗಳಿವೆ, ಚಿಗಟಕ್ಕೂ ಅವೇ ಆಗುತ್ತವೆ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಕೊಡುವ ಮೊದಲು ಡಾಕ್ಟರಿಗೆ ತಪ್ಪದೆ ಹೇಳಿ. ನುಸಿಗೆ ಕೊಡುವ ಇನ್ನೊಂದು ಮದ್ದು ಐವರ್‌ಮೆಕ್ಟಿನ್ ಅನ್ನು ಅಂದಾಜಿನ ಮೇಲೆ ನೀವೇ ತಂದು ಕೊಡಬೇಡಿ. ಕಾಲಿ (Collie) ಎಂಬ ನಾಯಿತಳಿ ಮತ್ತು ಅದರ ಸಂಬಂಧದ ತಳಿಗಳ ಜೀವಕ್ಕೇ ಅದು ಅಪಾಯ, ದೇಸಿ ನಾಯಿಗೂ ಪ್ರಮಾಣ ತಪ್ಪಿದರೆ ವಿಷವೇ.

ಮನೆಯಲ್ಲಿ ಮಗು ಇದೆ, ಸೊಸೈಟಿಯವರು ಲಿಫ್ಟಿಗೆ ನಾಯಿ ತರಬೇಡಿ ಅನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ. ಹುಳುಕಡ್ಡಿ ಮತ್ತು ಸಾರ್ಕಾಪ್ಟಿಸ್ ನುಸಿಯ ಕಜ್ಜಿ, ಇವೆರಡು ಮನುಷ್ಯರಿಗೆ ಹತ್ತುತ್ತವೆ. ಸಾರ್ಕಾಪ್ಟಿಸ್ ಆಗಿದ್ದರೆ ವಿಪರೀತ ತುರಿಕೆ ಇರುತ್ತಿತ್ತು, ಅದೂ ಕಿವಿಯ ಅಂಚು, ಮೊಣಕೈಗಳಲ್ಲಿ. ನೀವು ಬರೆದದ್ದಕ್ಕೆ ಅದು ಹೊಂದುವುದಿಲ್ಲ. ಹುಳುಕಡ್ಡಿ ಅಲ್ಲ ಎಂದು ಖಾತ್ರಿಯಾಗುವವರೆಗೆ ನಾಯಿ ಮಗುವಿನ ಹಾಸಿಗೆ ಹತ್ತದಿರಲಿ, ಮುಟ್ಟಿದ ಕೈ ತೊಳೆಯಲಿ, ಉದುರಿದ ಕೂದಲನ್ನು ದಿನವೂ ಗುಡಿಸಿ ತೆಗೆಯಿರಿ. ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿಹಾಕುವ ಅಗತ್ಯವಿಲ್ಲ, ದಯವಿಟ್ಟು ಕಟ್ಟಬೇಡಿ. ಲಿಫ್ಟಿನ ಬಗ್ಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ನಿಮ್ಮ ಕಡೆಗಿದೆ, ಸೊಸೈಟಿ ಸಾಕುನಾಯಿಯನ್ನು ಲಿಫ್ಟಿನಿಂದ ಹೊರಗಿಡುವಂತಿಲ್ಲ. ಆದರೂ ವರದಿ ಬರುವತನಕ ಮೆಟ್ಟಿಲಲ್ಲೇ ಕರೆದೊಯ್ದರೆ ನೆರೆಯವರ ಭಯಕ್ಕೂ ಬೆಲೆ ಕೊಟ್ಟಂತಾಗುತ್ತದೆ.

ಡಾಕ್ಟರ ಅಪಾಯಿಂಟ್‌ಮೆಂಟ್‌ಗೆ ಎರಡು ಮೂರು ದಿನ ತಡವಾದರೂ ಪರವಾಗಿಲ್ಲ. ಅಷ್ಟರೊಳಗೆ ಪಕ್ಕದಲ್ಲಿ ನಾಣ್ಯ ಇಟ್ಟು ದಿನಕ್ಕೊಂದು ಫೋಟೋ ತೆಗೆಯಿರಿ, ಸ್ನಾನ ಮಾಡಿಸಬೇಡಿ, ಮಳೆಯಲ್ಲಿ ನೆನೆದರೆ ಟವೆಲಿನಿಂದ ಒರೆಸಿ ಫ್ಯಾನ್ ಕೆಳಗೆ ಒಣಗಿಸಿ. ಜಾಗ ಒದ್ದೆಯಾಗಿ ಕೀವು ಬಂದರೆ, ವಾಸನೆ ಹೊಡೆದರೆ, ಒಂದೇ ದಿನದಲ್ಲಿ ಅಂಗೈಯಗಲ ಹರಡಿದರೆ, ಅಥವಾ ನಾಯಿ ಊಟ ಬಿಟ್ಟು ಮೂಲೆ ಸೇರಿದರೆ ಕಾಯಬೇಡಿ, ಅವತ್ತೇ ಹೊರಡಿ.