ಜಪಾನಿನ ದಾಖಲೆ, ನಿಮ್ಮ 60 ಜಿಬಿ ವಿಡಿಯೊ

ಅಣ್ಣಾ, ಜಪಾನಿನವರು ಸೆಕೆಂಡಿಗೆ 1.02 ಪೆಟಾಬಿಟ್ (ಸುಮಾರು ಹತ್ತು ಲಕ್ಷ ಗಿಗಾಬಿಟ್) ಕಳಿಸ್ತಾರಂತೆ, ನನ್ನ 60 ಜಿಬಿ ಹಕ್ಕಿ ವಿಡಿಯೊ ಶಿಕಾಗೋದ ಭಾವನಿಗೆ ಮುಟ್ಟೋಕೆ ರಾತ್ರಿಯಿಡೀ ಯಾಕೆ, ಪ್ಲಾನ್ 100 ಎಂಬಿಪಿಎಸ್ ಇದೆಯಲ್ಲ ಅಂತ ಕೇಳಿದ್ರಿ.

ಸುದ್ದಿ ನಿಜ. 2025ರಲ್ಲಿ ಅಲ್ಲಿನ ಎನ್‌ಐಸಿಟಿ ಸಂಶೋಧನಾ ಸಂಸ್ಥೆ, ಸುಮಿಟೊಮೊ ಎಲೆಕ್ಟ್ರಿಕ್ ಕಂಪನಿ ಜೊತೆ ಸೇರಿ ಆ ವೇಗದಲ್ಲಿ 1,808 ಕಿ.ಮೀ. ದೂರಕ್ಕೆ ಕಳಿಸಿ ತೋರಿಸಿತು. ಊರಿಂದ ಊರಿಗೆ ಕೇಬಲ್ ಎಳೆದದ್ದಲ್ಲ, 86.1 ಕಿ.ಮೀ. ಫೈಬರಿನಲ್ಲಿ (ಬೆಳಕು ಓಡೋ ಗಾಜಿನ ಎಳೆ) 21 ಸುತ್ತು ಹಾಕಿಸಿದ್ದು. ನನಗೆ ಹಿಡಿಸಿದ್ದು ಫೈಬರಿನ ದಪ್ಪ. ಮಾಮೂಲಿ ಫೈಬರಿನ ಹಾಗೇ 0.125 ಮಿ.ಮೀ., ಒಳಗೆ ಮಾತ್ರ 19 ಕೋರ್, ಅಂದರೆ ಬೆಳಕು ಓಡೋ 19 ದಾರಿ! ಆದರೆ ಹೆಚ್ಚಿದ್ದು ದಾರಿಗಳು, ಬೆಳಕಿನ ಓಟ ಅಲ್ಲ. ಗಾಜಿನೊಳಗೆ ಅದು ಈಗಲೂ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ.

ನಿಮ್ಮ ರಾತ್ರಿ ಕಳೀತಿರೋದು ಕಾಯೋದರಲ್ಲಿ. ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸೋ ನಿಯಮ ಟಿಸಿಪಿ. ಅದು ಲಾರಿಯಲ್ಲಿ ತುಂಬಿದ ಹಾಗೆ ಒಂದಿಷ್ಟು ಲೋಡ್ ಕಳಿಸಿ, ಆ ಕಡೆಯಿಂದ ರಸೀದಿ ಬರೋವರೆಗೆ ಮುಂದಿನ ಲಾರಿ ಬಿಡಲ್ಲ. ಶಿಕಾಗೋಗೆ ಪಿಂಗ್ (ಹೋಗಿ ಬರೋ ಸಮಯ) 250 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ನಿಮ್ಮ 100 ಎಂಬಿಪಿಎಸ್ ಲೆಕ್ಕ ಮೆಗಾಬಿಟ್‌ನಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ 12.5 ಎಂಬಿ. ಅದನ್ನು ತುಂಬಬೇಕಾದರೆ ಯಾವಾಗಲೂ 3 ಎಂಬಿಯಷ್ಟು ದಾರಿಯಲ್ಲೇ ಇರಬೇಕು. ನಿಮ್ಮ ಸಾಫ್ಟ್‌ವೇರ್ ಒಂದು ಸಲಕ್ಕೆ 512 ಕೆಬಿಯನ್ನಷ್ಟೇ ದಾರಿಗೆ ಕಳಿಸಿದರೆ ಸೆಕೆಂಡಿಗೆ 2 ಎಂಬಿ, ಅಂದರೆ 60 ಜಿಬಿಗೆ 8 ಗಂಟೆಯ ಮೇಲೆ. ಲೈನ್ ಪೂರ್ತಿ ತುಂಬಿದ್ದರೆ ಒಂದೂವರೆ ಗಂಟೆಯೊಳಗೆ ಮುಗೀತಿತ್ತು. ಇದರ ಮೇಲೆ ಒಂದು ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ದಾರಿಯಲ್ಲಿ ಕಳೆದುಹೋದರೂ ಟಿಸಿಪಿ ಹೆದರಿ ವೇಗ ಇಳಿಸುತ್ತೆ. ಹತ್ತಿರದ ಊರಾದರೆ ಬೇಗ ಚೇತರಿಸಿಕೊಳ್ಳುತ್ತೆ, ಅಮೆರಿಕಕ್ಕಾದರೆ ಪ್ರತಿ ಹೆಜ್ಜೆಗೂ ಕಾಲು ಸೆಕೆಂಡ್.

ಮೊದಲು ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ, ಅಪ್‌ಲೋಡ್ ವೇಗ ಬೇರೆಯಾಗಿ ನೋಡಿ. ಎಷ್ಟೋ ಪ್ಲಾನ್‌ಗಳಲ್ಲಿ 100 ಅನ್ನೋದು ಡೌನ್‌ಲೋಡಿಗೆ ಮಾತ್ರ. ಅದು ಸರಿ ಇದ್ದರೆ ಫೈಲನ್ನು 2 ಜಿಬಿ ತುಂಡು ಮಾಡಿ, ಫೈಲ್ ಕಳಿಸೋ ಸಾಫ್ಟ್‌ವೇರ್ ಆರ್‌ಕ್ಲೋನ್‌ನಲ್ಲಿ ಎಂಟೆಂಟು ಒಟ್ಟಿಗೆ ಹೋಗೋ ಹಾಗೆ ಇಡಿ. ಒಂದು ಲಾರಿ ಕಾಯೋವಾಗ ಉಳಿದ ಏಳು ಓಡ್ತಿರುತ್ತವೆ. ನಾನು ಮೊದಲು ಮಾಡಿ ನೋಡೋದು ಇದನ್ನೇ.

ನಿಮ್ಮದು ಲಿನಕ್ಸ್ ಆದರೆ ಇನ್ನೊಂದು ದಾರಿ ಇದೆ. 2016ರಲ್ಲಿ ಗೂಗಲ್ ಹೊರತಂದ ಬಿಬಿಆರ್ (ಟಿಸಿಪಿಯ ವೇಗ ನಿರ್ಧರಿಸೋ ಇನ್ನೊಂದು ವಿಧಾನ) ಲಿನಕ್ಸಿನ ತಿರುಳಾದ ಕರ್ನಲ್‌ನ 4.9ನೇ ಆವೃತ್ತಿಯಿಂದಲೇ ಸಿಗುತ್ತೆ. ಒಂದೆರಡು ಪ್ಯಾಕೆಟ್ ಹೋಯ್ತು ಅಂತ ಅದು ಗಾಬರಿ ಬೀಳಲ್ಲ. ಕಳಿಸೋ ಯಂತ್ರದಲ್ಲಿ ಹಾಕಿದರೆ ಸಾಕು, ಭಾವನ ಕಡೆ ಏನೂ ಮುಟ್ಟಬೇಕಾಗಿಲ್ಲ.

ಜಿಪ್ ಮಾಡೋಕೆ ಹೋಗಬೇಡಿ, ವಿಡಿಯೊ ಮೊದಲೇ ಕುಗ್ಗಿಸಿದ್ದು. ತುಂಡುಗಳನ್ನು ಜೋಡಿಸಿದ ಮೇಲೆ ಎರಡೂ ಕಡೆ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಗುರುತಿನ ಸಂಖ್ಯೆ) ತಾಳೆ ನೋಡಿ, ಆಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸಿ.